ಪಾಪು ಒಬ್ಬಳೇ ಇದಾಳೆ

ಸಂಜೆ ಮನೆಪಾಠ ಹೇಳುವ ಓದುಗರೊಬ್ಬರು ಬರೆದಿದ್ದಾರೆ. ಪಾಠಕ್ಕೆ ಬರುವ ಏಳು ವರ್ಷದ ಹುಡುಗನ ಕಿವಿಯ ಹಿಂದೆ ನೀಲಿಗಟ್ಟಿದೆ, ಕುತ್ತಿಗೆಯ ಮೇಲೂ ಕಲೆ. ಸೈಕಲ್ಲಿಂದ ಬಿದ್ದ ಎನ್ನುತ್ತಾಳೆ ತಾಯಿ. ಆಕೆ ಇವರಿಗೆ ಹತ್ತು ವರ್ಷದ ಗೆಳತಿ. ಬಾಯಿಬಿಟ್ಟರೆ ಸ್ನೇಹ ಮುರಿಯುತ್ತೆ, ಸುಮ್ಮನಿದ್ದರೆ ನಿದ್ದೆ ಹತ್ತುತ್ತಿಲ್ಲ, ಏನು ಮಾಡಲಿ ಎಂಬುದು ಪ್ರಶ್ನೆ.

ನಾಲ್ಕು ಪುಟದ ಪತ್ರ. ಮೂರನೇ ಪುಟದಲ್ಲಿ, ಆವರಣದೊಳಗೆ, ಒಂದು ಮಾತು: 'ಪಾಠ ಮುಗಿಯೋ ಮೊದಲೇ ಎದ್ದು ಹೊರಡ್ತಾನೆ, ಪಾಪು ಒಬ್ಬಳೇ ಇದಾಳೆ ಅಂತ. ಒಂದೂವರೆ ವರ್ಷದ ತಂಗಿ. ಈ ವಯಸ್ಸಿಗೇ ಎಷ್ಟು ಜವಾಬ್ದಾರಿ ನೋಡಿ!'

ಅಮ್ಮಾ, ಆ ಆವರಣ ಅಳಿಸಿಬಿಡಿ. ನಿಮ್ಮ ಪತ್ರ ಇರುವುದೇ ಅದರೊಳಗೆ.

ಮಕ್ಕಳನ್ನು 'ಜವಾಬ್ದಾರಿ ಹುಡುಗ', 'ದೊಡ್ಡವರ ಹಾಗೆ ಇದಾಳೆ' ಎಂದು ಹೊಗಳುವುದು ಕೇಳಿದರೆ ನನಗೆ ಮೈ ಉರಿಯುತ್ತದೆ. ಇದನ್ನು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಇನ್ನೂ ಬರೆಯುತ್ತೇನೆ. ದೊಡ್ಡವರು ಮಾಡಬೇಕಾದ ಕೆಲಸ ಅಲ್ಲಿ ಯಾರೂ ಮಾಡುತ್ತಿಲ್ಲ ಅಂತಲೇ ಮಗು ದೊಡ್ಡವರ ಹಾಗೆ ಆಗಿರುವುದು. ಒಂದೂವರೆ ವರ್ಷದ ಕೂಸಿಗೆ ಬಕೆಟ್ಟಿನ ನೀರೂ ಅಪಾಯ, ಸ್ವಿಚ್ಚೂ ಅಪಾಯ, ಬಾಯಿಗೆ ಹಾಕಿಕೊಂಡ ನಾಣ್ಯವೂ ಅಪಾಯ. ಹೊಡೆತ ಮೈಮೇಲೆ ಕಲೆ ಬಿಡುತ್ತದೆ, ನಿಮ್ಮ ಕಣ್ಣಿಗೂ ಬಿತ್ತು. ನಿರ್ಲಕ್ಷ್ಯ ಎಷ್ಟೋ ಸಲ ಕಲೆ ಬಿಡುವುದಿಲ್ಲ, ಅದಕ್ಕೇ ಅದು ಆವರಣದೊಳಗೆ ಕೂತಿತು.

ಹಾಗಂತ ಕಲೆಯನ್ನು ಬಿಡಲಾಗದು. ಆಡುವ ಮಕ್ಕಳು ಬೀಳುತ್ತಾರೆ, ನಿಜ. ಬಿದ್ದ ಪೆಟ್ಟು ಸಾಮಾನ್ಯವಾಗಿ ಮೂಳೆ ಉಬ್ಬಿದ ಕಡೆ ಕಾಣುತ್ತದೆ: ಮೊಣಕಾಲು, ಮುಂಗಾಲು, ಮೊಣಕೈ, ಹಣೆ. ಕಿವಿ, ಕುತ್ತಿಗೆ, ಹೊಟ್ಟೆ, ತೊಡೆಯ ಒಳಭಾಗ ಬೀಳುವಾಗ ಅಷ್ಟು ಸುಲಭಕ್ಕೆ ಏಟು ತಿನ್ನುವ ಜಾಗಗಳಲ್ಲ. ಮೊಣಕಾಲು ತರಚದೆ ಕಿವಿಯ ಹಿಂದೆ ಮಾತ್ರ ನೀಲಿಗಟ್ಟಿಸುವ ಸೈಕಲ್ಲನ್ನು ನಾನಂತೂ ಕಂಡಿಲ್ಲ.

ಇನ್ನು ನಿಮ್ಮ ಯಜಮಾನರು. 'ಸಾಕ್ಷಿ ಇಲ್ಲದೆ ಬೇರೆಯವರ ಮನೆ ವಿಷಯಕ್ಕೆ ಹೋಗಬೇಡ' ಎಂದರಂತೆ. ಪತ್ರದಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ಬಂದಿದ್ದು ಇವರ ಮೇಲೆ, ಆ ತಾಯಿಯ ಮೇಲೂ ಅಷ್ಟು ಬರಲಿಲ್ಲ. ಎರಡು ಕಡೆ ದುಡಿದು ರಾತ್ರಿ ಮನೆ ಸೇರುವ ಹೆಂಗಸು, ಕೈಗೆ ಯಾರೂ ಇಲ್ಲ. ಹೊಡೆದದ್ದು ಅವಳೋ ಮತ್ತೊಬ್ಬರೋ ನಿಮಗೂ ಗೊತ್ತಿಲ್ಲ, ನನಗೂ ಇಲ್ಲ. ಅವಳು ತಪ್ಪಿತಸ್ಥಳಾಗಿರಬಹುದು, ಆದರೆ ಅವಳು ದಣಿದಿದ್ದಾಳೆ. ನಿಮ್ಮ ಯಜಮಾನರಿಗೆ ಯಾವ ದಣಿವು? ಸಾಕ್ಷಿ ಹುಡುಕುವುದು ನಿಮ್ಮ ಕೆಲಸವಲ್ಲ, ಅದಕ್ಕೆ ಬೇರೆ ಜನ ಇದ್ದಾರೆ. ನೀವು ಕಂಡದ್ದನ್ನು, ಹುಡುಗ ಹೇಳಿದ್ದನ್ನು ಅವನ ಮಾತಿನಲ್ಲೇ ದಿನಾಂಕ ಹಾಕಿ ಬರೆದಿಟ್ಟುಕೊಂಡರೆ ಸಾಕು.

ಅವನನ್ನು ಕೂರಿಸಿಕೊಂಡು ವಿಚಾರಣೆ ಬೇಡ. ಯಾರಿಗೂ ಹೇಳಲ್ಲ ಎಂದು ಆಣೆಯನ್ನೂ ಇಡಬೇಡಿ, ಅದನ್ನು ನೀವು ಮುರಿಯಲೇಬೇಕಾಗುತ್ತದೆ. ಫೋಟೋ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದಂತೂ ಕೂಡದು. ಮಗುವಿನ ಗುರುತು ಬಯಲು ಮಾಡುವುದಕ್ಕೆ ಕಾನೂನೂ ಬಿಡುವುದಿಲ್ಲ. ಮುಖ್ಯವಾಗಿ, ಗೆಳತಿಯನ್ನೇ ಮೊದಲು ಕೇಳಿಬಿಡೋಣ ಎಂದು ಹೊರಡಬೇಡಿ. ನೀವು ಕೇಳಿದ್ದಕ್ಕೆ ಆ ರಾತ್ರಿ ಉತ್ತರ ಕೊಡಬೇಕಾಗುವುದು ಹುಡುಗ.

'ಮಕ್ಕಳನ್ನು ಕಿತ್ತುಕೊಂಡು ಹೋದರೆ?' ಎಂದು ಹೆದರಿದ್ದೀರಿ. ಮಕ್ಕಳ ಪಾಲನೆ ಮತ್ತು ರಕ್ಷಣೆಯ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ. ವಿಷಯ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋದರೆ ಅವರು ಮನೆಯ ಸ್ಥಿತಿಯನ್ನೂ ವಿಚಾರಿಸುತ್ತಾರೆ. ನಿಮ್ಮ ಗೆಳತಿಗೆ ಇಷ್ಟು ದಿನ ಯಾರೂ ಕೊಡದ ಆಸರೆ ಆ ದಾರಿಯಲ್ಲೇ ಸಿಗಬಹುದು. ಕೈಯಲ್ಲಿರುವ ಮಗುವನ್ನು ಬೇಕೆಂದೇ ಹೊಡೆದು, ನಿರ್ಲಕ್ಷಿಸಿ ನರಳಿಸುವವರಿಗೆ ಅದೇ ಕಾಯ್ದೆಯ 75ನೇ ಕಲಂನಲ್ಲಿ 3 ವರ್ಷದವರೆಗೆ ಸೆರೆವಾಸವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಲೈಂಗಿಕ ದೌರ್ಜನ್ಯದ ಸುಳಿವೇನಾದರೂ ಇದ್ದಿದ್ದರೆ ಹೀಗೆ ಯೋಚಿಸುತ್ತ ಕೂರುವ ಹಾಗೂ ಇರಲಿಲ್ಲ: ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಿದ್ದೂ ತಿಳಿಸದಿರುವುದೇ ಅಪರಾಧ.

ಮಾಡಬೇಕಾದ್ದು ಒಂದೇ. 1098. ಮಕ್ಕಳ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲಾದರೂ ಎತ್ತುತ್ತಾರೆ. ಅಣ್ಣನ ಕಲೆಯನ್ನೂ ತಂಗಿ ಒಬ್ಬಳೇ ಇರುವುದನ್ನೂ ಎರಡನ್ನೂ ಹೇಳಿ. ಕೂಸಿಗೆ ಈಗಲೇ ಅಪಾಯ ಎನಿಸಿದರೆ ತುರ್ತು ಸಂಖ್ಯೆ 112.

ಈ ಅಂಕಣ ಅಚ್ಚಾಗುವವರೆಗೆ ಕಾಯಬಾರದೆಂದು ಇಷ್ಟನ್ನೂ ನಿಮಗೆ ಮೊದಲೇ ಬರೆದು ಕಳಿಸಿದ್ದೇನೆ. ಇನ್ನೂ ಫೋನ್ ಮಾಡಿಲ್ಲವಾದರೆ, ಇವತ್ತು ಸಂಜೆ ಅವನು ಪುಸ್ತಕ ಮುಚ್ಚಿ ಏಳುವುದನ್ನೂ ಕಾಯಬೇಡಿ.