ಬೆಂಗಳೂರಲ್ಲಿರೋ ತೀರ್ಥಹಳ್ಳಿ ಹುಡುಗರು ವೋಟಿನ ಮಾತಿಗೆ ಉತ್ತರ ಕೊಡ್ತಿಲ್ಲ: ಪ್ರತಿಕ್ರಿಯೆ

ವಾಟ್ಸ್ಆ್ಯಪ್ ಗುಂಪಿಗೆ "ತಪ್ಪದೇ ಮತ ಹಾಕಿ" ಪೋಸ್ಟರ್ ಹಾಕಿದ್ರೆ ಹೆಬ್ಬೆರಳೆತ್ತಿದ 👍 ಗುರುತು ಬಿಟ್ಟು ಏನೂ ಬರಲ್ಲ, ಬೆಂಗಳೂರಲ್ಲಿರೋ ತೀರ್ಥಹಳ್ಳಿ ಹುಡುಗರ ಕೈಲಿ ವೋಟು ಹಾಕಿಸೋದು ಹೇಗೆ ಅಂತ ಕೇಳಿದ್ದೀರಿ. ಬಹುಶಃ ಅದು ಉದಾಸೀನ ಅಲ್ಲ. ಪೋಸ್ಟರಿನಲ್ಲಿ ಉತ್ತರ ಹೇಳುವಂಥ ಪ್ರಶ್ನೆಯೇ ಇಲ್ಲ.

ಮೊದಲು ಗುಂಪು ಬಿಟ್ಟು ಒಬ್ಬೊಬ್ಬರಿಗೇ ಬರೆಯಿರಿ, ದಿನಕ್ಕೆ ಐದಾರು ಜನ ಸಾಕು: "ನಿನ್ನ ವೋಟು ಊರಲ್ಲೇ ಇದ್ಯಾ, ಬೆಂಗಳೂರಿಗೆ ಹಾಕಿಸ್ಕೊಂಡ್ಯಾ?" "ಗೊತ್ತಿಲ್ಲ ಮಾರಾಯ" ಅಂದ್ರೆ ಅಲ್ಲೇ ಚುನಾವಣಾ ಆಯೋಗದ ವೋಟರ್ಸ್ ಪೋರ್ಟಲ್ ಲಿಂಕ್ ಕಳಿಸಿ. ಗುರುತಿನ ಚೀಟಿ ನಂಬರ್ ಹಾಕಿದ್ರೆ ಮತಗಟ್ಟೆ, ಕ್ರಮಸಂಖ್ಯೆ ಸಿಗುತ್ತೆ. ಚೀಟಿ ಕೈಲಿದ್ದು ಪಟ್ಟಿಯಲ್ಲಿ ಹೆಸರಿಲ್ಲದಿದ್ರೆ ವೋಟಿಲ್ಲ. ಜನ ಎಡವೋದು ಇಲ್ಲೇ.

ಪಟ್ಟಿಯಲ್ಲಿ ಹೆಸರೇ ಇಲ್ಲದವರಿಗೆ ಅರ್ಜಿ ನಮೂನೆ 6, ವಿಳಾಸ ಬದಲಾದವರಿಗೆ ನಮೂನೆ 8. ಹದಿನೆಂಟಾಗಿದ್ಯಾ ಅಂತ ನೋಡೋಕೆ ವರ್ಷಕ್ಕೆ ನಾಲ್ಕು ದಿನಾಂಕ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಹದಿನೇಳು ತುಂಬಿದ ತಮ್ಮ ತಂಗಿಯರೂ ಮುಂಗಡ ಅರ್ಜಿ ಹಾಕಬಹುದು. ಅರ್ಜಿ ಹಾಕಿದ ಮೇಲೆ ಬರೋ ರೆಫರೆನ್ಸ್ ನಂಬರಿನ ಸ್ಕ್ರೀನ್‌ಶಾಟ್ ಕೇಳಿ ಇಟ್ಕೊಳ್ಳಿ, ಇಲ್ಲಾಂದ್ರೆ ಅರ್ಧಕ್ಕೇ ಬಿಟ್ಟಿರ್ತಾರೆ. ಆಗುಂಬೆ ಕಡೆ ನೆಟ್‌ವರ್ಕ್ ಕೈಕೊಡುತ್ತೆ. ಓಟಿಪಿ ಕೆಲಸ ಬೆಂಗಳೂರಲ್ಲೇ ಮುಗಿಸಲಿ.

ಮತದಾನದ ದಿನಾಂಕ ಘೋಷಣೆ ಆದ ಸಂಜೆಯೇ ಗುಂಪಿಗೆ ಒಂದೇ ಪ್ರಶ್ನೆ: "ವೋಟಿನ ಹಿಂದಿನ ರಾತ್ರಿ ಊರಿನ ಬಸ್ಸಿಗೆ ಯಾರ್ಯಾರು?" ಟಿಕೆಟ್ ದುಡ್ಡು ಅವರವರದ್ದೇ ಇರಲಿ. ಅಭ್ಯರ್ಥಿ ಕಡೆಯವರು ಮತದಾರರಿಗೆ ಬಿಟ್ಟಿ ವಾಹನ ಮಾಡೋದು ಕಾನೂನಿನಲ್ಲಿ ಭ್ರಷ್ಟ ಆಚರಣೆ.

ಪಕ್ಷದ ಜಗಳ ಶುರುವಾದ್ರೆ ವಾದಕ್ಕಿಳಿಯಬೇಡಿ. "ಯಾರೂ ಸರಿಯಿಲ್ಲ" ಅನ್ನೋರಿಗೆ ನೋಟಾ (ಇವರಲ್ಲಿ ಯಾರೂ ಬೇಡ) ಗುಂಡಿ ಇದೆ ಅಂದು ಬಸ್ಸಿನ ಮಾತಿಗೆ ವಾಪಸ್ ಬನ್ನಿ. ಪಟ್ಟಿಯ ತಕರಾರು ಇದ್ರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿಸಿ.