ಆಪ್ಟಿಕಲ್‌ನಿಂದ ಕೋಆಕ್ಸಿಯಲ್‌ಗೆ: ಯಾವ ಪರಿವರ್ತಕ ಕೊಳ್ಳಬೇಕು?

ನಮಸ್ಕಾರ. ನಿಮ್ಮ ಟಿ.ವಿ.ಯಲ್ಲಿ ಆಪ್ಟಿಕಲ್ ಔಟ್‌ಪುಟ್ ಮಾತ್ರ ಇದೆ, ಹಳೆಯ ಆಂಪ್ಲಿಫೈಯರಿನಲ್ಲಿ ಕೋಆಕ್ಸಿಯಲ್ ಇನ್‌ಪುಟ್ ಮಾತ್ರ ಇದೆ, ದಾವಣಗೆರೆಯ ಅಂಗಡಿಗಳಲ್ಲಿ ಏನೆಂದು ಕೇಳಬೇಕು ಎಂದು ವಿಚಾರಿಸಿದ್ದೀರಿ.

ಎರಡರಲ್ಲಿಯೂ ಹರಿಯುವುದು ಎಸ್/ಪಿಡಿಐಎಫ್ ಎಂಬ ಒಂದೇ ಬಗೆಯ ಡಿಜಿಟಲ್ ಸಂಕೇತವಾದ್ದರಿಂದ, ಪರಿವರ್ತಕದ ಕೆಲಸ ಆಪ್ಟಿಕಲ್ ಕೇಬಲ್ಲಿನ ಬೆಳಕನ್ನು ಕೋಆಕ್ಸಿಯಲ್ ಕೇಬಲ್ಲಿನ ವಿದ್ಯುತ್ ಸಂಕೇತವಾಗಿಸುವುದಷ್ಟೇ ಆಗಿರುತ್ತದೆ. ದುಬಾರಿ ಪೆಟ್ಟಿಗೆಯಿಂದ ಧ್ವನಿ ಇಂಪಾಗುತ್ತದೆ ಎಂಬ ಮಾತನ್ನು ನಾನಂತೂ ನಂಬುವುದಿಲ್ಲ. ಎಚ್ಚರ ಬೇಕಿರುವುದು ಬೇರೆ ಕಡೆ. ಮಂಡಿಪೇಟೆಯಲ್ಲಾಗಲಿ ಆನ್‌ಲೈನಿನಲ್ಲಾಗಲಿ ಬರಿದೇ 'ಆಪ್ಟಿಕಲ್ ಕನ್ವರ್ಟರ್' ಎಂದು ಕೇಳಿದರೆ, ಕೆಂಪು ಮತ್ತು ಬಿಳಿ ಸಾಕೆಟ್‌ಗಳಿರುವ ಡಿಎಸಿ (ಡಿಜಿಟಲ್ ಸಂಕೇತವನ್ನು ಅನಲಾಗ್ ಆಗಿಸುವ ಪೆಟ್ಟಿಗೆ) ಕೈಗೆ ಬರುವ ಸಂಭವವೇ ಹೆಚ್ಚು. ಅದು ಅನಲಾಗ್ ಧ್ವನಿಯನ್ನು ಕೊಡುವುದರಿಂದ ನಿಮ್ಮ ಕೋಆಕ್ಸಿಯಲ್ ಇನ್‌ಪುಟ್‌ಗೆ ಉಪಯೋಗವಿಲ್ಲ. ನಿಮಗೆ ಬೇಕಾದುದು ಆಪ್ಟಿಕಲ್ ಇನ್, ಕೋಆಕ್ಸಿಯಲ್ ಔಟ್ ಎಂದು ಸ್ಪಷ್ಟವಾಗಿ ಬರೆದಿರುವ ಸಾಧನ. ಇಂತಹ ಅನೇಕ ಪೆಟ್ಟಿಗೆಗಳು ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ, ಆದ್ದರಿಂದ ಇನ್ ಮತ್ತು ಔಟ್ ಅದಲುಬದಲಾದರೆ ಕೊಂಡದ್ದು ವ್ಯರ್ಥ. ಸಾಮಾನ್ಯವಾಗಿ 5 ವೋಲ್ಟ್ ಅಡಾಪ್ಟರ್ ಕೂಡ ಬೇಕಾಗುತ್ತದೆ.

ಕೋಆಕ್ಸಿಯಲ್ ಕೇಬಲ್ 75 ಓಮ್‌ನದಾಗಿರಲಿ. ಹಳೆಯ ಡಿವಿಡಿ ಪ್ಲೇಯರಿನ ಒಳ್ಳೆಯ ಹಳದಿ ವಿಡಿಯೋ ಕೇಬಲ್ ಇದ್ದರೆ ಅದೇ ಸಾಕು.

ಜೋಡಿಸಿದ ಮೇಲೂ ಸದ್ದು ಬಾರದಿದ್ದರೆ, ಮೊದಲು ಆಪ್ಟಿಕಲ್ ಕೇಬಲ್ಲಿನ ತುದಿಯ ಪುಟ್ಟ ಪ್ಲಾಸ್ಟಿಕ್ ಮುಚ್ಚಳ ತೆಗೆದಿದ್ದೀರಾ, ಟಿ.ವಿ. ಚಾಲೂ ಇರುವಾಗ ಆ ತುದಿಯಲ್ಲಿ ಕೆಂಪು ಬೆಳಕು ಕಾಣುತ್ತಿದೆಯೇ ಎಂದು ನೋಡಿರಿ. ಬೆಳಕಿದ್ದೂ ಆಂಪ್ಲಿಫೈಯರ್ ಮೌನವಾಗಿದ್ದರೆ, ಟಿ.ವಿ. ಕಳಿಸುವ ಡಾಲ್ಬಿ ಎಂಬ ಸಂಕುಚಿತ ಧ್ವನಿಯನ್ನು ಬಿಡಿಸುವ ಡಿಕೋಡರ್ ಅದರಲ್ಲಿ ಇಲ್ಲದಿರಬಹುದು. ಆಗ ಟಿ.ವಿ.ಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ಟನ್ನು ಪಿಸಿಎಂಗೆ, ಅಂದರೆ ಸಂಕುಚಿಸದ ಸಾದಾ ಡಿಜಿಟಲ್ ಧ್ವನಿಗೆ, ಬದಲಾಯಿಸಿರಿ.