ಕಾಡಲ್ಲಿ ಕಂಡ ಕೆಂಪು ಉಂಡೆ ಅಣಬೆಯಾ?

ಕುದುರೆಮುಖದ ಶೋಲಾ ಕಾಡಿನಲ್ಲಿ ನೆಲದಿಂದ ಎದ್ದ ಕೆಂಪು ಉಂಡೆಗಳನ್ನು ನೋಡಿ, ಇದು ಅಣಬೆಯಾ, ತಿನ್ನಬಹುದಾ ಅಂತ ಕೇಳಿದ್ದೀರಿ. ನೀವು ಹೇಳಿದ ಗುರುತು ನೋಡಿದರೆ ಅದು ಬಲನೋಫೊರಾ ಇರಬೇಕು. ಹೂ ಬಿಡುವ ಗಿಡ ಸ್ವಾಮಿ! ಮೊದಲ ಸಲ ನಾನೂ ಅಣಬೆ ಅಂತಲೇ ನಂಬಿದ್ದೆ.

ಮೋಸ ಹೋಗುವುದು ಸಹಜ. ಮೈಯಲ್ಲಿ ಚೂರೂ ಹಸಿರಿಲ್ಲ, ಮರದ ಬೇರಿಗೆ ಅಂಟಿಕೊಂಡು ಅಲ್ಲಿಂದಲೇ ಊಟ. ಹೂ ಬಿಡುವಾಗ ಮಾತ್ರ ತಲೆ ಹೊರಗೆ ಹಾಕುತ್ತದೆ. ಅದರ ಶಾಸ್ತ್ರೀಯ ಹೆಸರಿನ 'ಫಂಗೋಸಾ' ಅನ್ನುವ ಪದಕ್ಕೂ ಅಣಬೆಯಂಥದ್ದು ಅಂತಲೇ ಅರ್ಥ.

ಮುಂದಿನ ಸಲ ಮೊಣಕಾಲೂರಿ ಹತ್ತಿರದಿಂದ ನೋಡಿ. ದಂಟಿನ ಸುತ್ತ ಮೀನಿನ ಹುರುಪೆ ಥರ ಒಂದರ ಮೇಲೊಂದು ಹೊದ್ದ ಎಲೆಗಳಿರುತ್ತವೆ. ಅಣಬೆಗೆ ಎಲೆ ಎಲ್ಲಿಂದ ಬರಬೇಕು? ಮೇಲಿನ ಉಂಡೆ ನುಣುಪಾಗಿ ಮಖಮಲ್ಲಿನಂತೆ ಕಂಡರೆ ಅದು ಹೆಣ್ಣು. ಆ ನುಣುಪೆಲ್ಲ ಸಾವಿರಾರು ಹೂಗಳೇ, ಬರಿಗಣ್ಣಿಗೆ ಬಿಡಿಯಾಗಿ ಕಾಣುವುದಿಲ್ಲ. ಗಂಡು ಹೂಗಳು ದೊಡ್ಡವು, ಸುಲಭವಾಗಿ ಎಣಿಸಬಹುದು.

ಹುತ್ತದ ಹತ್ತಿರ ಏಳುವ ಅಣಬೆಯನ್ನು ತಿರುಗಿಸಿದರೆ ಕೊಡೆಯ ಅಡಿಯಲ್ಲಿ ಪುಸ್ತಕದ ಹಾಳೆಯಂಥ ಪದರಗಳು ಕಾಣುತ್ತವೆ. ಕೊಡೆಯನ್ನು ಹಾಗೇ ಕಾಗದದ ಮೇಲೆ ರಾತ್ರಿಯಿಡೀ ಇಟ್ಟರೆ ಬೀಜಕಣ ಉದುರಿ ಅಚ್ಚು ಮೂಡುತ್ತದೆ. ಬಲನೋಫೊರಾ ಇಟ್ಟರೆ ಅಂಥ ಅಚ್ಚು ಬರುವುದಿಲ್ಲ.

ತಿನ್ನುವ ಯೋಚನೆ ಬಿಡಿ. ಇದರಲ್ಲಿ ಮೇಣದಂಥ ವಸ್ತು ಜಾಸ್ತಿ, ಜಾವಾದಲ್ಲಿ ಇದರ ನೆಂಟ ಗಿಡವೊಂದನ್ನು ದೀಪಕ್ಕೆ ಉರಿಸುತ್ತಿದ್ದರು. ಸುಮ್ನೆ ಕೀಳಲೂಬೇಡಿ, ಫೋಟೊ ಸಾಕು. ದಂಟಿನ ಬುಡದ ಫೋಟೊ ಇದ್ದರೆ ಇಲ್ಲಿ ಹಾಕಿ, ನೋಡೋಣ.